ಲಿಬರ್ಟೇರಿಯನ್: ಖರ್ಚು, ಚಿಕಿತ್ಸೆ, ವಿದೇಶ ನೀತಿಯ ಬಗ್ಗೆ ಈ ವಾದ ಏನು ಹೇಳುತ್ತದೆ

ಮನುಷ್ಯನ ದೇಹ, ದುಡಿಮೆ, ದುಡಿದು ಗಳಿಸಿದ ಆಸ್ತಿ ಇವೆಲ್ಲ ಅವನವೇ. ಇನ್ನೊಬ್ಬರ ದೇಹಕ್ಕೋ ಆಸ್ತಿಗೋ ಅವನು ಕೈ ಹಾಕದಿರುವ ತನಕ ಅವನ ಮೇಲೆ ಬಲ ಪ್ರಯೋಗಿಸುವ ಹಕ್ಕು ಯಾರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಹೀಗೆ ನಂಬುವವರನ್ನು ಲಿಬರ್ಟೇರಿಯನ್ ಎನ್ನುತ್ತಾರೆ. ಈ ಮಾತಿನ ಹೆಚ್ಚಿನ ಪಾಲನ್ನು ಎಲ್ಲರೂ ಒಪ್ಪುತ್ತಾರೆ, ಜಗಳ ಇರುವುದು ‘ಸರ್ಕಾರಕ್ಕೂ ಇಲ್ಲ’ ಎಂಬ ಕೊನೆಯ ತುಂಡಿನಲ್ಲಿ. ತೆರಿಗೆ ಕಟ್ಟದಿದ್ದರೆ ನೋಟಿಸು, ಆಮೇಲೆ ಜಪ್ತಿ. ಹಾಗಾಗಿ ತೆರಿಗೆಯೂ ಬಲವಂತದ ಹಣವೇ ಎಂದು ಇವರು ಲೆಕ್ಕ ಹಾಕುತ್ತಾರೆ. ಸರ್ಕಾರದ ಯಾವುದೇ ಯೋಜನೆಯ ಬಗ್ಗೆ ‘ಇದು ಒಳ್ಳೆಯ ಕೆಲಸವೇ?’ ಎಂದು ಕೇಳಿದರೆ ಸಾಲದು, ‘ಇದನ್ನು ಬಲವಂತದ ಹಣದಿಂದಲೇ ಮಾಡಬೇಕೇ?’ ಎಂದೂ ಕೇಳಬೇಕು ಎನ್ನುವುದು ಅವರ ಪಟ್ಟು. ಎರಡನೆಯ ಪ್ರಶ್ನೆ ಕೇಳುವವರಿಗೆ ಆಸ್ಪತ್ರೆ, ಶಾಲೆಗಳೇ ಬೇಡ ಎಂದು ತಿಳಿದುಕೊಂಡರೆ ವಾದ ಅಲ್ಲಿಗೇ ದಾರಿ ತಪ್ಪುತ್ತದೆ.

ಇದು ಶ್ರೀಮಂತರ ಪರವಾದ ವಾದ ಎಂಬ ಮಾತೂ ಅರ್ಧ ತಿಳಿವಳಿಕೆಯದು. ಮುಳುಗುವ ಕಂಪನಿಗೆ ಸರ್ಕಾರದ ಹಣ, ಉದ್ಯಮಿಗೆ ಅಗ್ಗದ ಬೆಲೆಗೆ ಸರ್ಕಾರಿ ಜಮೀನು, ದೇಶೀ ಕಾರ್ಖಾನೆಯನ್ನು ಕಾಯಲು ಆಮದು ಸುಂಕ ಇವೆಲ್ಲವನ್ನೂ ನಿಜವಾದ ಲಿಬರ್ಟೇರಿಯನ್ ವಿರೋಧಿಸುತ್ತಾನೆ. ಊಟ, ಉಡುಗೆ, ಮದುವೆ, ಪತ್ರಿಕೆಗಳ ಮೇಲೆ ಸರ್ಕಾರ ಹೇರುವ ಅಂಕುಶವನ್ನೂ ಅಷ್ಟೇ ಗಟ್ಟಿಯಾಗಿ ವಿರೋಧಿಸುತ್ತಾನೆ. ಒಂದನ್ನು ಮಾತ್ರ ಹೇಳಿ ಇನ್ನೊಂದಕ್ಕೆ ಸುಮ್ಮನಿರುವ ರಾಜಕಾರಣಿಗೆ ಈ ಹೆಸರು ಸಲ್ಲದು.

ಒಳಗೆ ಪಂಗಡಗಳಿವೆ. ಅರ್ಥಶಾಸ್ತ್ರಜ್ಞರಾದ ಹಾಯೆಕ್, ಮಿಲ್ಟನ್ ಫ್ರೀಡ್‌ಮನ್ ಅವರಂಥವರು ಕಡು ಬಡವರಿಗೆ ಸರ್ಕಾರ ಒಂದು ಕನಿಷ್ಠ ಆಸರೆ ಕೊಡುವುದನ್ನು ಒಪ್ಪುತ್ತಾರೆ. 1974ರಲ್ಲಿ ತನ್ನ ಸಿದ್ಧಾಂತವನ್ನು ಮುಂದಿಟ್ಟ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ ಪ್ರಕಾರ ಪೊಲೀಸು, ಕೋರ್ಟು, ಸೈನ್ಯ ಇಷ್ಟಕ್ಕೇ ಸರ್ಕಾರ ನಿಲ್ಲಬೇಕು. ಅರ್ಥಶಾಸ್ತ್ರಜ್ಞ ಮರ್ರೆ ರೋತ್‌ಬಾರ್ಡ್‌ಗೆ ಅದೂ ಬೇಡ. ‘ಲಿಬರ್ಟೇರಿಯನ್ನರು ಹೀಗೆ ಹೇಳುತ್ತಾರೆ’ ಎಂದು ಯಾರಾದರೂ ಬರೆದರೆ, ಈ ಮೂರು ಪಂಗಡಗಳಲ್ಲಿ ಯಾವುದರ ಮಾತು ಎಂದು ಮೊದಲು ನೋಡಿಕೊಳ್ಳಬೇಕು. ಅರ್ಧಕ್ಕರ್ಧ ವಾಗ್ವಾದ ಅಲ್ಲೇ ಇಳಿಯುತ್ತದೆ.

ಇದು ಅಮೆರಿಕದಿಂದ ಬಂದ ಸರಕು ಎಂದುಕೊಳ್ಳುವವರಿಗೆ ಕೇರಳದ ಗಡಿನಾಡಾದ ನಮ್ಮ ಕಾಸರಗೋಡಿನಲ್ಲೇ ಒಂದು ಉತ್ತರವಿದೆ. ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ (1905–1978) ಹೆಸರಿನ ಮೊದಲಕ್ಷರದಲ್ಲಿರುವುದು ಹೊಸದುರ್ಗದ ಹತ್ತಿರದ ಬೆಳ್ಳಿಕ್ಕೋತ್. ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ನೇಮಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಸರ್ಕಾರಿ ವಲಯದಲ್ಲಿ 4,800 ಕೋಟಿ ರೂಪಾಯಿ ಖರ್ಚು, ಅದರಲ್ಲಿ 1,200 ಕೋಟಿಗೆ ಕೊರತೆ ಹಣಕಾಸು, ಎಂದರೆ ಬಹುಮಟ್ಟಿಗೆ ನೋಟು ಮುದ್ರಣ. ದೇಶದ ಉಳಿತಾಯ ತಾಳುವುದಕ್ಕಿಂತ ದೊಡ್ಡ ಯೋಜನೆ ಹಾಕಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ತಡೆಯಲು ನಿಯಂತ್ರಣಗಳು ಬರುತ್ತವೆ, ನಿಯಂತ್ರಣಗಳು ಜನರ ಸ್ವಾತಂತ್ರ್ಯವನ್ನೇ ಕತ್ತರಿಸುತ್ತವೆ ಎಂದು ಅವರು ಎಚ್ಚರಿಸಿದರು. 1957–58ರಲ್ಲಿ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿಬಿತ್ತು. ಹಣದುಬ್ಬರವೂ ಒಂದು ತೆರಿಗೆ, ಶಾಸನಸಭೆಯಲ್ಲಿ ಯಾರೂ ಕೈಯೆತ್ತದೆ ಬಡವನ ಜೇಬಿನಿಂದ ಮೊದಲು ವಸೂಲಾಗುವ ತೆರಿಗೆ ಎಂಬ ಲಿಬರ್ಟೇರಿಯನ್ ಮಾತಿಗೆ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಸರ್ಕಾರದ ಖರ್ಚನ್ನು ಈ ಕಣ್ಣಿನಿಂದ ಓದಲು ಕ್ರಮವೊಂದಿದೆ. ಲಾಭ ಯಾರಿಗೆ, ಎಷ್ಟು ಮಂದಿಗೆ ಎಂದು ಮೊದಲು ಬರೆದುಕೊಳ್ಳಬೇಕು. ಆಮೇಲೆ ಹಣ ಯಾರ ಕಡೆಯಿಂದ ಬರುತ್ತದೆ, ಕೊಡುವವನಿಗೆ ಕೊಡುತ್ತಿರುವುದು ಗೊತ್ತಾಗುತ್ತದೆಯೇ ಎಂದು. ಕೊನೆಗೆ, ಈ ಹಣ ಜನರ ಕೈಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂದು. ಮೂರನೆಯದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಜೆಟ್ ಚರ್ಚೆಯಲ್ಲಿ ಅದು ಸದಾ ಸೋಲುತ್ತದೆ.

ನಮ್ಮ ಅಡಿಕೆಗೆ ಇದನ್ನು ಅನ್ವಯಿಸಿದರೆ ಬಿಸಿ ತಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಕೇಂದ್ರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು, ಎಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರಗಿನಿಂದ ತರಿಸುವಂತಿಲ್ಲ. ಬದಿಯಡ್ಕ, ಮುಳ್ಳೇರಿಯದ ಕೃಷಿಕನಿಗೆ ಇದು ಆಸರೆ. ಲಿಬರ್ಟೇರಿಯನ್ ಇದನ್ನು ವಿರೋಧಿಸುತ್ತಾನೆ. ಲಾಭ ಕೆಲವು ಜಿಲ್ಲೆಗಳಲ್ಲಿ ಗುಂಪಾಗಿ ಸಿಗುತ್ತದೆ, ಹೊರೆ ದೇಶದಲ್ಲೆಲ್ಲ ಎಲೆ ಅಡಿಕೆ ಹಾಕುವವರ ಮೇಲೆ ಒಂದೊಂದು ಪೈಸೆಯಾಗಿ ಹರಡುತ್ತದೆ. ಹೊರೆ ಹೊರುವವರು ಒಟ್ಟುಗೂಡಿ ಪ್ರಶ್ನಿಸುವುದಿಲ್ಲ, ಲಾಭ ಪಡೆಯುವವರು ನಿಯೋಗ ಕಟ್ಟಿಕೊಂಡು ದಿಲ್ಲಿಗೆ ಹೋಗುತ್ತಾರೆ. ಜೊತೆಗೆ ಗೋಡೆ ಎತ್ತರವಾದಷ್ಟೂ ಕಳ್ಳಸಾಗಣೆಯ ಲಾಭ ದೊಡ್ಡದಾಗುತ್ತದೆ: ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆಯ ಸುದ್ದಿ ನಿಲ್ಲದಿರುವುದಕ್ಕೆ ಕಾರಣ ಇದೇ. ಆದರೆ 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗೆ ಈ ವಾದದಲ್ಲಿ ಪೂರ್ಣ ಗೌರವವಿದೆ. ಬೇಕಾದವರು ಸದಸ್ಯರಾಗುತ್ತಾರೆ, ಬೇಡವಾದವರು ತಮ್ಮ ಅಡಿಕೆಯನ್ನು ಬೇರೆಯವರಿಗೆ ಮಾರುತ್ತಾರೆ. ಅಲ್ಲಿ ಯಾರ ಕೈಯನ್ನೂ ಯಾರೂ ತಿರುಚುವುದಿಲ್ಲ.

ಗಡಿಯಲ್ಲಿ ಇರುವವರಿಗೆ ತೆರಿಗೆ ಸ್ಪರ್ಧೆ ಎಂದರೇನೆಂದು ವಿವರಿಸಬೇಕಾಗಿಲ್ಲ. 2023ರ ಏಪ್ರಿಲ್‌ನಿಂದ ಕೇರಳ ಪೆಟ್ರೋಲು, ಡೀಸೆಲಿಗೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತೆಯ ಸೆಸ್ ಹಾಕಿದಾಗ, ಮಂಜೇಶ್ವರದ ಗಾಡಿಗಳು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಟ್ಯಾಂಕ್ ತುಂಬಿಸುವುದು ಇನ್ನಷ್ಟು ಲಾಭದ ಕೆಲಸವಾಯಿತು. ಒಂದು ಸರ್ಕಾರದ ತೆರಿಗೆ ಹೆಚ್ಚಾದರೆ ಇನ್ನೊಂದರ ಕಡೆಗೆ ನಡೆಯಬಹುದು ಎಂಬ ಈ ಅವಕಾಶವನ್ನು ಲಿಬರ್ಟೇರಿಯನ್ನರು ಮತದಾನದಷ್ಟೇ ಮುಖ್ಯ ಎನ್ನುತ್ತಾರೆ. ಅಧಿಕಾರ ದಿಲ್ಲಿಗಿಂತ ಪಂಚಾಯತಿಯಲ್ಲಿರಲಿ ಎಂದು ಅವರು ಬಯಸುವುದೂ ಇದಕ್ಕೇ.

ಈ ವಾದ ನಮ್ಮಲ್ಲಿ ಎಡವುವುದು ಕನ್ನಡ ಮಾಧ್ಯಮ ಶಾಲೆಯ ಹೊಸ್ತಿಲಲ್ಲಿ. ಕೇರಳದ ಅನುದಾನಿತ ಶಾಲೆಯಲ್ಲಿ ಆಡಳಿತ ಖಾಸಗಿಯವರದು, ಸಂಬಳ ಸರ್ಕಾರದ್ದು. ಇದರ ಬದಲು ಹಣವನ್ನು ಮಗುವಿನ ಹೆಸರಿಗೆ ಕೊಡಿ, ಹೆತ್ತವರು ಶಾಲೆ ಆರಿಸಲಿ ಎಂದು ಫ್ರೀಡ್‌ಮನ್ 1955ರಲ್ಲೇ ಸೂಚಿಸಿದ್ದರು. ಅದನ್ನೇ ವೋಚರ್ ಪದ್ಧತಿ ಎನ್ನುತ್ತಾರೆ. ಮಾದರಿ ಲೆಕ್ಕ ಹಾಕಿ ನೋಡೋಣ. ಮಗುವಿಗೆ ವರ್ಷಕ್ಕೆ 25,000 ರೂಪಾಯಿ ವೋಚರ್ ಎಂದರೆ 40 ಮಕ್ಕಳ ಮಲಯಾಳಂ ತರಗತಿಗೆ 10 ಲಕ್ಷ ಬರುತ್ತದೆ, 12 ಮಕ್ಕಳ ಕನ್ನಡ ತರಗತಿಗೆ 3 ಲಕ್ಷ. ಶಿಕ್ಷಕರ ಸಂಬಳ ಎರಡೂ ಕಡೆ ಒಂದೇ. ತಲೆ ಎಣಿಸಿ ಹಣ ಕೊಡುವ ಯಾವ ಪದ್ಧತಿಯಲ್ಲೂ ಅಲ್ಪಸಂಖ್ಯಾತರ ಭಾಷೆ ಮೊದಲು ಸೊರಗುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯದ ಮೇಲೆ ಹಾಕಿರುವುದು ಇಂಥ ಕಡೆಗಳಿಗಾಗಿಯೇ, ಮತ್ತು ನನ್ನ ಮಟ್ಟಿಗೆ ಆ ವಿಧಿಯೇ ಸರಿ. ಆದರೆ ಸರ್ಕಾರ ಯಾವುದೇ ಭಾಷೆಯನ್ನು ಮಗುವಿನ ಮೇಲೆ ಕಡ್ಡಾಯವಾಗಿ ಹೇರಬಾರದು ಎಂಬಲ್ಲಿ ಲಿಬರ್ಟೇರಿಯನ್ ಗಡಿನಾಡ ಕನ್ನಡಿಗನ ಪಕ್ಕದಲ್ಲೇ ನಿಲ್ಲುತ್ತಾನೆ.

ಚಿಕಿತ್ಸೆಯ ವಿಷಯದಲ್ಲಿ ಅವರ ದೂರು ಹೀಗಿದೆ. ಬಿಲ್ಲು ಕಟ್ಟುವವನು ಬೇರೆ, ಚಿಕಿತ್ಸೆ ಪಡೆಯುವವನು ಬೇರೆ ಆದಾಗ ಚಿಕಿತ್ಸೆ ಕೊಡುವವನಿಗೂ ಪಡೆಯುವವನಿಗೂ ಬೆಲೆಯ ಚಿಂತೆ ಇರುವುದಿಲ್ಲ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಕೆಗೆ ತಡೆ ಹಾಕಿತು. ಕಂಪನಿಗಳು ಅದರ ಬದಲು ಆರೋಗ್ಯ ವಿಮೆ ಕೊಡತೊಡಗಿದವು, ತೆರಿಗೆ ವಿನಾಯಿತಿಯೂ ಸೇರಿ ಆ ರೂಢಿ ಬೇರೂರಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಹೊಸ ಆಸ್ಪತ್ರೆ ಕಟ್ಟಲು ‘ಅಗತ್ಯವಿದೆ’ ಎಂಬ ಸರ್ಟಿಫಿಕೇಟು ಬೇಕು. ಇರುವ ಆಸ್ಪತ್ರೆಗಳೇ ಅದಕ್ಕೆ ತಕರಾರು ಎತ್ತಬಹುದು. ಆದ್ದರಿಂದ ಲಿಬರ್ಟೇರಿಯನ್ನರ ಔಷಧಿ: ಲೈಸೆನ್ಸುಗಳನ್ನು ಸಡಿಲಿಸಿ ಪೂರೈಕೆ ಹೆಚ್ಚಿಸಿ, ದರಪಟ್ಟಿ ಬಹಿರಂಗವಾಗಿರಲಿ, ಸಣ್ಣಪುಟ್ಟದಕ್ಕೆ ಉಳಿತಾಯ ಖಾತೆ, ದೊಡ್ಡ ರೋಗಕ್ಕೆ ಮಾತ್ರ ವಿಮೆ. ಸಿಂಗಾಪುರ 1984ರಲ್ಲಿ ತಂದ ಮೆಡಿಸೇವ್ ಖಾತೆಯನ್ನು ಅವರು ಉದಾಹರಿಸುವುದುಂಟು, ಆದರೆ ಅಲ್ಲಿ ಆ ಉಳಿತಾಯ ಕಡ್ಡಾಯ.

ಭಾರತಕ್ಕೆ ಇದನ್ನು ಹಾಗೇ ತಂದರೆ ಲೆಕ್ಕ ತಪ್ಪುತ್ತದೆ. 2013–14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2 ಭಾಗ ರೋಗಿಗಳ ಸ್ವಂತ ಜೇಬಿನದು, 2021–22ಕ್ಕೆ ಅದು ಶೇ. 39.4ಕ್ಕೆ ಇಳಿಯಿತು. ಎಂದರೆ ನಾವು ಬಹುಕಾಲ ಸ್ವಂತ ಹಣ ಕೊಟ್ಟೇ ಚಿಕಿತ್ಸೆ ಪಡೆದವರು. ಅಷ್ಟರಿಂದಲೇ ದರಪಟ್ಟಿಯೂ ಸ್ಪಷ್ಟವಾಗಲಿಲ್ಲ, ಬೆಲೆಯೂ ಇಳಿಯಲಿಲ್ಲ. ರೋಗಿಗೆ ತನಗೇನು ಬೇಕೆಂದು ವೈದ್ಯರಷ್ಟು ಗೊತ್ತಿರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ತೋರಿಸಿದ ತೊಡಕು ಇದು. ಅಪಘಾತವಾಗಿ ಆಂಬುಲೆನ್ಸಿನಲ್ಲಿ ಮಲಗಿದವನು ಚೌಕಾಸಿ ಮಾಡಲಾರ.

ಸರ್ಕಾರ ಇಲ್ಲದಿದ್ದರೆ ಬಡವನಿಗೆ ಯಾರು ಎಂಬ ಪ್ರಶ್ನೆಗೆ ಅವರ ಉತ್ತರ ಪರಸ್ಪರ ಸಹಾಯ. ಕಾಸರಗೋಡಿನ ಊರೂರುಗಳಲ್ಲಿ ರಚನೆಯಾಗುವ ಚಿಕಿತ್ಸಾ ಸಹಾಯ ಸಮಿತಿ ಅದರ ಜೀವಂತ ರೂಪ: ದೇವಸ್ಥಾನ, ಮಸೀದಿ, ಕ್ಲಬ್ಬು ಎಲ್ಲ ಸೇರಿ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು, ಒಬ್ಬರ ಕಿಡ್ನಿ ಕಸಿಗೆ ಲಕ್ಷಗಟ್ಟಲೆ ಕೂಡಿಸುತ್ತಾರೆ. ಒಂದೇ ಬಾರಿಯ ದೊಡ್ಡ ಖರ್ಚಿಗೆ ಇದು ಸರ್ಕಾರಿ ಕಡತಕ್ಕಿಂತ ಬೇಗ ನಡೆಯುತ್ತದೆ. ಆದರೆ ಇಪ್ಪತ್ತು ವರ್ಷ ಪ್ರತಿ ತಿಂಗಳೂ ಬೇಕಾದ ಔಷಧಿಗೆ, ಒಂದೇ ಊರಿನ ಹತ್ತಾರು ಮನೆಗಳಲ್ಲಿ ರೋಗಿಗಳಿರುವಲ್ಲಿಗೆ ಈ ದಾರಿ ಸಾಕಾಗುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ತಟ್ಟಿದ ಪ್ರದೇಶದಲ್ಲಿ ಆಗಿರುವುದು ಅದೇ.

ಎಂಡೋಸಲ್ಫಾನ್ ದುರಂತಕ್ಕೆ ಲಿಬರ್ಟೇರಿಯನ್ ವಾದ ಕೊಡುವ ಓದನ್ನು ಇಲ್ಲಿನವರು ಗಂಭೀರವಾಗಿ ಪರಿಗಣಿಸಬೇಕು. ಗೇರು ತೋಟದ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿಸಿದ್ದು ಖಾಸಗಿ ಕಂಪನಿಯಲ್ಲ, ಕೇರಳ ಸರ್ಕಾರದ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್. ಮಾಲಿನ್ಯ ಮಾಡುವವನೂ ತಡೆಯಬೇಕಾದವನೂ ಒಬ್ಬನೇ ಆದರೆ ತಡೆ ಬರುವುದು ತಡವಾಗುತ್ತದೆ. ಇಲ್ಲಿನ ಪಡ್ರೆ ಗ್ರಾಮದ ಒಬ್ಬರ ಬಾವಿಗೆ, ತೊರೆಗೆ ಒಪ್ಪಿಗೆಯಿಲ್ಲದೆ ವಿಷ ಬಿದ್ದರೆ ಅದು ಅತಿಕ್ರಮಣ. ಗೇರು ಬೀಜದಿಂದ ರಾಜ್ಯಕ್ಕೆ ಎಷ್ಟು ಆದಾಯ ಎಂಬ ಲೆಕ್ಕವನ್ನು ಈ ವಾದ ಆ ತಕ್ಕಡಿಗೆ ಹಾಕಲು ಬಿಡುವುದೇ ಇಲ್ಲ. ಸಿಂಪಡಣೆಗೆ ಮೊದಲು ತಡೆ ಬಂದದ್ದೂ ಸಾಮಾನ್ಯ ಮಹಿಳೆಯೊಬ್ಬರು ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ ಹೂಡಿದ ದಾವೆಯಿಂದ. ದೇಶಮಟ್ಟದಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011ರ ಮೇ ಆಗಿತ್ತು.

ಪರಿಹಾರದ ಬಗ್ಗೆ ಈ ವಾದ ಇನ್ನೂ ಕಟ್ಟುನಿಟ್ಟು. ಸಂತ್ರಸ್ತರಿಗೆ ಕೊಡುವ ಹಣ ಕ್ಷೇಮ ಯೋಜನೆಯಲ್ಲ, ಹಾನಿ ಮಾಡಿದವನು ತೀರಿಸಬೇಕಾದ ಸಾಲ. ಬಜೆಟಿನಲ್ಲಿ ಹಣ ಉಳಿದರೆ ಕೊಡುವಂಥದ್ದಲ್ಲ, ಮೊದಲು ತೆಗೆದಿಡುವಂಥದ್ದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಹೇಳಿತ್ತು. 2022ರ ಮೇಯಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯ ವಿಚಾರಣೆ ನಡೆದಾಗ ಹಣ ಸಿಕ್ಕಿದ್ದು ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ. ಕ್ಷೇಮ ಪಿಂಚಣಿಯ ಸಾಲಿನಲ್ಲಿ ಪರಿಹಾರವನ್ನೂ ನಿಲ್ಲಿಸಿದರೆ ಆಗುವುದು ಹೀಗೆಯೇ. ಆದರೂ ಒಂದು ಕೊರತೆ ಉಳಿಯುತ್ತದೆ: ಇಂಥ ರೋಗಕ್ಕೆ ಇದೇ ಕಾರಣ ಎಂದು ಒಂದೊಂದು ಬಡ ಕುಟುಂಬವೂ ಕೋರ್ಟಿನಲ್ಲಿ ಸಾಬೀತು ಮಾಡುವುದು ಅಸಾಧ್ಯಕ್ಕೆ ಹತ್ತಿರ. ವೈದ್ಯಕೀಯ ಶಿಬಿರ ನಡೆಸಿ ಪಟ್ಟಿ ಮಾಡಲು ಕೊನೆಗೆ ಸರ್ಕಾರವೇ ಬೇಕಾಯಿತು.

2020ರ ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕರ್ನಾಟಕ ಸರ್ಕಾರ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದೂ ಇದೇ ವಾದದ ಇನ್ನೊಂದು ಪಾಠ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು, ಪ್ರಾಣಗಳೂ ಹೋದವು, ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಲು ಆದೇಶಿಸಬೇಕಾಯಿತು. ಚಿಕಿತ್ಸೆ ಕೊಡಲು ಆಸ್ಪತ್ರೆ, ಪಡೆಯಲು ರೋಗಿ ಇಬ್ಬರೂ ಸಿದ್ಧರಿದ್ದಾಗ ನಡುವೆ ನಿಂತದ್ದು ಆಡಳಿತ.

ವಿದೇಶ ನೀತಿಯಲ್ಲಿ ಈ ವಾದದ ಸೂತ್ರ ಸರಳ: ಎಲ್ಲರ ಜೊತೆ ವ್ಯಾಪಾರ, ಯಾರ ಯುದ್ಧದಲ್ಲೂ ಪಾಲಿಲ್ಲ. ಗಡಿ ಕಾಯಲು ಸೈನ್ಯ ಇರಲಿ, ಬೇರೆ ದೇಶದ ಸರ್ಕಾರ ಬದಲಿಸಲು ಬೇಡ. ಯುದ್ಧ ಬಂದಾಗ ತೆರಿಗೆ, ಸಾಲ, ಸೆನ್ಸಾರ್ ಮೂರೂ ಬೆಳೆಯುತ್ತವೆ, ಮುಗಿದ ಮೇಲೆ ಪೂರ್ತಿ ಇಳಿಯುವುದಿಲ್ಲ. ಅಮೆರಿಕದಲ್ಲಿ 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಾನ್ ಪಾಲ್, 2002ರಲ್ಲಿ ರಿಪಬ್ಲಿಕನ್ ಸದಸ್ಯರಾಗಿದ್ದರೂ ಇರಾಕ್ ಯುದ್ಧದ ನಿರ್ಣಯಕ್ಕೆ ವಿರುದ್ಧ ಮತ ಹಾಕಿದರು. ಕಡ್ಡಾಯ ಸೈನಿಕ ಸೇವೆಯನ್ನು 1973ರಲ್ಲಿ ಅಮೆರಿಕ ಕೈಬಿಡುವುದರಲ್ಲಿ ಫ್ರೀಡ್‌ಮನ್ ಅವರ ವಾದಕ್ಕೆ ಪಾಲಿದೆ. ವಿದೇಶಿ ನೆರವನ್ನೂ ಇವರು ನಂಬುವುದಿಲ್ಲ. ಪಿಎಲ್ 480 ಒಪ್ಪಂದದಲ್ಲಿ ಬಂದ ಅಮೆರಿಕದ ಗೋಧಿಯನ್ನು ಶೆಣೈ ಕಟುವಾಗಿ ಟೀಕಿಸಿದ್ದರು. ಭಾರತದಲ್ಲಿ ಈ ಸೂತ್ರಕ್ಕೆ ಎಲ್ಲರೂ ಅಂಟಿಕೊಂಡಿರಲಿಲ್ಲ. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ ಲೈಸೆನ್ಸ್ ರಾಜ್ಯವನ್ನು ವಿರೋಧಿಸಿದರೂ, ಚೀನಾದ ಭಯದಿಂದ ಪಶ್ಚಿಮ ದೇಶಗಳ ಸ್ನೇಹ ಬೇಕು ಎನ್ನುತ್ತಿತ್ತು.

ವ್ಯಾಪಾರದಷ್ಟೇ ಮುಖ್ಯ ಜನರ ಸಂಚಾರ. ಗಲ್ಫಿಗೆ ಹೋಗುವವನು ತನ್ನ ದುಡಿಮೆಯನ್ನು ಇಷ್ಟಬಂದಲ್ಲಿ ಮಾರುತ್ತಿದ್ದಾನೆ. 1983ರ ವಲಸೆ ಕಾಯ್ದೆಯಡಿ ಹತ್ತನೇ ತರಗತಿ ಪಾಸಾಗದವನಿಗೆ ಮಾತ್ರ ಹೆಚ್ಚುವರಿ ಅನುಮತಿ ಬೇಕೆನ್ನುವುದು ಈ ದೃಷ್ಟಿಯಲ್ಲಿ ಅನ್ಯಾಯ. ಅಲ್ಲಿ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವ ಮಾಲೀಕನಿಗೆ ಬಲ ಕೊಡುವ ಕಫಾಲ ಪದ್ಧತಿಯೂ ಅಷ್ಟೇ ಅನ್ಯಾಯ. ಆದರೆ 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಮರಳಿ ತಂದದ್ದು ಸರ್ಕಾರ. ನೋಜಿಕ್ ಹಾದಿಯವರು ಪ್ರಜೆಗಳನ್ನು ಹಿಂಸೆಯಿಂದ ಕಾಪಾಡುವುದು ಕನಿಷ್ಠ ಸರ್ಕಾರದ ಕೆಲಸವೇ ಎನ್ನುತ್ತಾರೆ. ಇನ್ನೂ ಬಿಗಿಯಾದವರು ವಲಸಿಗರೇ ಹೊರಡುವ ಮುನ್ನ ವಿಮೆ ಕಟ್ಟಲಿ ಎನ್ನುತ್ತಾರೆ. ಅನುಮತಿ ಪಡೆದು ಹೋಗುವ ಕಾರ್ಮಿಕರಿಗಾಗಿ 2003ರಲ್ಲಿ ಬಂದ ಪ್ರವಾಸಿ ಭಾರತೀಯ ಬೀಮಾ ಯೋಜನೆ ಅಂಥದೇ ವಿಮೆ, ಆದರೆ ಅದು ಕಡ್ಡಾಯ, ಯುದ್ಧದ ನಡುವಿನಿಂದ ಎತ್ತಿ ತರುವ ವಿಮಾನ ಅದರಲ್ಲಿ ಸೇರಿಲ್ಲ.