ಎದೆಯ ನೀರಿನ ಪರೀಕ್ಷೆ ನಡೆದುಬಂದ ದಾರಿ

‘ಎದೆಯಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು’ ಎಂದು ವೈದ್ಯರು ಹೇಳುವ ನೀರು ಶ್ವಾಸಕೋಶದ ಒಳಗಿನದಲ್ಲ. ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವಿರುವ ಎರಡು ಪದರದ ಪೊರೆಯ, ಅಂದರೆ ಪ್ಲೂರಾದ, ಸಂದಿನಲ್ಲಿ ಅದು ಸೇರಿಕೊಳ್ಳುತ್ತದೆ. ಆರೋಗ್ಯವಂತರಲ್ಲೂ ಅಲ್ಲಿ ಕೆಲವು ಮಿಲಿಲೀಟರ್ ಇದ್ದೇ ಇರುತ್ತದೆ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಕೆಳಮೂಲೆ ಮುಚ್ಚಿದಂತೆ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ಆದರೂ ಬೇಕು.

ಮೊದಲು ಈ ನೀರನ್ನು ತೆಗೆಯುತ್ತಿದ್ದದ್ದು ಉಸಿರಾಟ ಸಲೀಸಾಗಲೆಂದು. 1850ರಲ್ಲಿ ಅಮೆರಿಕದ ಮೊರಿಲ್ ವೈಮನ್ ಸಣ್ಣ ಕೊಳವೆಗೆ ಹೀರುಪಂಪು ಜೋಡಿಸಿದರು. ಬಾಸ್ಟನ್ನಿನ ಹೆನ್ರಿ ಬೌಡಿಚ್ ಆ ವಿಧಾನವನ್ನು ಬಳಕೆಗೆ ತಂದರು. ಎದೆ ಕೊಯ್ಯುವ ಗೋಜಿಲ್ಲ, ಹೊರಗಿನ ಗಾಳಿ ಒಳನುಗ್ಗುವ ಭಯವೂ ಕಡಿಮೆ. ತೆಗೆದ ನೀರು ರೋಗವನ್ನೂ ಹೇಳಬಲ್ಲದು ಎಂಬ ವಿಚಾರಕ್ಕೆ ಬಲ ಬಂದದ್ದು 1900ರಲ್ಲಿ. ಪ್ಯಾರಿಸ್ಸಿನ ವಿಡಾಲ್ ಮತ್ತು ರಾವೋ ಅದರೊಳಗಿನ ಜೀವಕೋಶಗಳನ್ನು ನೋಡಿದರು: ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆ ಹೆಚ್ಚಿದ್ದರೆ ಕ್ಷಯದ ಗುಮಾನಿ, ನ್ಯೂಟ್ರೋಫಿಲ್ ಎಂಬ ಬಗೆ ಹೆಚ್ಚಿದ್ದರೆ ಹೊಸ ಸೋಂಕಿನದು. ಈ ಸೂತ್ರ ಇಂದಿಗೂ ನಿಂತಿದೆ. ಆದರೆ ಕ್ಷಯದ ಮೊದಲ ಕೆಲವು ದಿನಗಳಲ್ಲಿ ನ್ಯೂಟ್ರೋಫಿಲ್ ಹೆಚ್ಚಿರಬಹುದು ಎಂಬುದನ್ನು ಮರೆತರೆ ಎಡವುತ್ತೇವೆ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೃದಯ ಸೋತೋ, ಲಿವರ್ ಕೆಟ್ಟೋ ನೀರು ಬರೀ ಜಿನುಗಿದೆಯೇ (ಟ್ರಾನ್ಸುಡೇಟ್), ಅಥವಾ ಪೊರೆಗೇ ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್ ತಗುಲಿದೆಯೇ (ಎಕ್ಸುಡೇಟ್)? ಬಹುಕಾಲ ಇದನ್ನು ಸಾಂದ್ರತೆ 1.016, ಇಲ್ಲವೇ ಡೆಸಿಲೀಟರಿಗೆ 3 ಗ್ರಾಂ ಪ್ರೋಟೀನ್ ಎಂಬ ಗೆರೆಯಿಂದಲೇ ತೀರ್ಮಾನಿಸುತ್ತಿದ್ದರು. ಪ್ರೋಟೀನ್ ಒಂದನ್ನೇ ನಂಬಿದರೆ ಹತ್ತರಲ್ಲಿ ಸುಮಾರು ಒಂದು ತಪ್ಪುತ್ತಿತ್ತು.

1972ರಲ್ಲಿ ರಿಚರ್ಡ್ ಲೈಟ್ ಮತ್ತು ಸಂಗಡಿಗರು 150 ಮಾದರಿಗಳನ್ನು ನೋಡಿ, ನೀರಿನ ಅಂಕಿಯನ್ನು ರಕ್ತದ ಅಂಕಿಗೆ ಹೋಲಿಸಿದರು. ಪ್ರೋಟೀನ್ ಅನುಪಾತ 0.5ಕ್ಕಿಂತ ಹೆಚ್ಚು, ಎಲ್‌ಡಿಎಚ್ (ಜೀವಕೋಶಗಳಲ್ಲಿರುವ ಒಂದು ಕಿಣ್ವ) ಅನುಪಾತ 0.6ಕ್ಕಿಂತ ಹೆಚ್ಚು, ನೀರಿನ ಎಲ್‌ಡಿಎಚ್ ರಕ್ತದ ಸಹಜ ಗರಿಷ್ಠ ಮಿತಿಯ ಮೂರನೇ ಎರಡಕ್ಕಿಂತ ಹೆಚ್ಚು: ಇವುಗಳಲ್ಲಿ ಒಂದಿದ್ದರೂ ಎಕ್ಸುಡೇಟ್. ಹಾಗಾಗಿ ನೀರು ತೆಗೆದ ಹೊತ್ತಿಗೇ ರಕ್ತವನ್ನೂ ತೆಗೆದು ಕಳಿಸಬೇಕು. ರಕ್ತವಿಲ್ಲದೆ ಬಂದ ಬಾಟಲಿಯಿಂದ ಲ್ಯಾಬು ಅರ್ಧ ಉತ್ತರವನ್ನಷ್ಟೇ ಕೊಡಬಲ್ಲದು. ಲೈಟ್ ಸೂತ್ರ ಎಕ್ಸುಡೇಟನ್ನು ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ಅದು ಎಡವುವುದು ಇನ್ನೊಂದು ಕಡೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳ ನೀರು ಗಟ್ಟಿಯಾಗಿ ಎಕ್ಸುಡೇಟ್‌ನಂತೆ ಕಾಣುತ್ತದೆ. ಆಗ ರಕ್ತದ ಆಲ್ಬುಮಿನ್ (ಒಂದು ಪ್ರೋಟೀನ್) ಪ್ರಮಾಣದಿಂದ ನೀರಿನ ಆಲ್ಬುಮಿನ್ ಕಳೆಯಬೇಕು, ವ್ಯತ್ಯಾಸ ಡೆಸಿಲೀಟರಿಗೆ 1.2 ಗ್ರಾಂ ಮೀರಿದರೆ ಹೃದಯವನ್ನೇ ಶಂಕಿಸುವುದು ಸರಿ.

ನಮ್ಮ ದೇಶದಲ್ಲಿ ಹೆಚ್ಚು ತೂಕ ಬಂದದ್ದು ಎಡಿಎ (ಅಡಿನೋಸಿನ್ ಡಿಅಮಿನೇಸ್ ಎಂಬ ಕಿಣ್ವ) ಪರೀಕ್ಷೆಗೆ. 1978ರಲ್ಲಿ ಇಟಲಿಯವರು ಕ್ಷಯದ ನೀರಿನಲ್ಲಿ ಈ ಕಿಣ್ವ ಏರುವುದನ್ನು ವರದಿ ಮಾಡಿದರು. ಲಿಂಫೋಸೈಟ್ ತುಂಬಿದ ನೀರಿನಲ್ಲಿ ಎಡಿಎ ಲೀಟರಿಗೆ 40 ಯೂನಿಟ್ ದಾಟಿದರೆ, ಕ್ಷಯ ಹೆಚ್ಚಿರುವ ಕಡೆ ಅದು ಬಲವಾದ ಸೂಚನೆ. ಕೀವು, ಲಿಂಫೋಮ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್), ರುಮಟಾಯ್ಡ್ ಸಂಧಿವಾತದಲ್ಲೂ ಅದು ಏರುವುದರಿಂದ ಅಂಕಿಯನ್ನಷ್ಟೇ ನೋಡಿ ಆರು ತಿಂಗಳ ಮಾತ್ರೆ ಬರೆಯುವುದು ಆತುರ. ಸೂಕ್ಷ್ಮದರ್ಶಕದಲ್ಲಿ ಕ್ಷಯಾಣು ಸಿಗಲಿಲ್ಲವೆಂದು ಕ್ಷಯವಿಲ್ಲ ಎನ್ನುವುದೂ ಅಷ್ಟೇ ತಪ್ಪು. ಈ ನೀರಿನಲ್ಲಿ ಕ್ಷಯಾಣುಗಳೇ ವಿರಳ. ಪೊರೆಯ ಚೂರು ತೆಗೆದು ನೋಡಿದರೆ ಫಲ ಹೆಚ್ಚು.

ಎಷ್ಟೋ ಎಡವಟ್ಟುಗಳು ಲ್ಯಾಬಿಗೆ ಮುಟ್ಟುವ ಮೊದಲೇ ಆಗುತ್ತವೆ. ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳ, ನರ ಹಾದುಹೋಗುವುದರಿಂದ ಅಲ್ಟ್ರಾಸೌಂಡ್‌ನಲ್ಲಿ ಜಾಗ ನೋಡಿಕೊಂಡು, ಸೂಜಿಯನ್ನು ಮೇಲಂಚಿಗೆ ಒತ್ತಿಕೊಂಡೇ ಹಾಕಬೇಕು. ಪರೀಕ್ಷೆಗೆ 50 ಮಿಲಿಲೀಟರ್ ಸಾಕು; ಉಬ್ಬಸ ಇಳಿಸಲು ತೆಗೆಯುವುದಾದರೂ ಒಮ್ಮೆಗೆ ಒಂದೂವರೆ ಲೀಟರ್ ಮೀರದಿರುವುದು ರೂಢಿ, ಏಕೆಂದರೆ ಮುದುಡಿದ್ದ ಶ್ವಾಸಕೋಶ ದಿಢೀರನೆ ಹಿಗ್ಗಿದರೆ ಅದರೊಳಗೇ ನೀರು ಕಟ್ಟಬಹುದು. ಕೋಶ ಎಣಿಕೆಗೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬು, ಕಲ್ಚರ್‌ಗೆ ಸ್ಟೆರೈಲ್ ಬಾಟಲಿ. ಪಿಎಚ್‌ಗೆ (ಆಮ್ಲೀಯತೆಯ ಅಳತೆ) ಹೆಪ್ಪು ತಡೆಯುವ ಹೆಪಾರಿನ್ ಹಾಕಿದ ಸಿರಿಂಜೇ ಆಗಬೇಕು: ಗಾಳಿ ಸೇರಿದರೆ ಪಿಎಚ್ ಏರುತ್ತದೆ, ಮರಗಟ್ಟಿಸುವ ಔಷಧಿ ಉಳಿದಿದ್ದರೆ ಇಳಿಯುತ್ತದೆ. ನ್ಯುಮೋನಿಯಾದಲ್ಲಿ ಇದು ಸಣ್ಣ ವಿಷಯವಲ್ಲ, 7.2ಕ್ಕಿಂತ ಕಡಿಮೆಯಾದರೆ ಎದೆಗೆ ನಳಿಕೆ ಹಾಕಬೇಕಾಗುತ್ತದೆ. ಕಣ್ಣಿಗೇ ಕೀವು ಕಂಡರೆ ಪಿಎಚ್ ನೋಡುವ ಅಗತ್ಯವಿಲ್ಲ, ಯಂತ್ರ ಕಟ್ಟಿಕೊಳ್ಳುತ್ತದಷ್ಟೆ.

ಕ್ಯಾನ್ಸರ್ ಇದ್ದರೂ ನೀರಿನ ಕೋಶಪರೀಕ್ಷೆಯಲ್ಲಿ ಸಿಕ್ಕುವುದು ನೂರಕ್ಕೆ ಸುಮಾರು 60 ಮಂದಿಯಲ್ಲಿ. ಎರಡನೇ ಮಾದರಿ ಒಂದಿಷ್ಟು ಕೂಡಿಸುತ್ತದೆ, ಮೂರನೆಯದರಿಂದ ಲಾಭ ಅತ್ಯಲ್ಪ. ಆ ಹಂತದಲ್ಲೂ ಗುಮಾನಿ ಹೋಗದಿದ್ದರೆ ಥೊರಾಕೋಸ್ಕೋಪಿ ಮಾಡಿ, ಅಂದರೆ ಎದೆಯೊಳಗೆ ಕ್ಯಾಮರಾ ನಳಿಕೆ ಇಳಿಸಿ, ಪೊರೆಯನ್ನೇ ನೋಡಬೇಕು.