ಯೂರಿಯಾ ಹಾಕಿದರೆ ಸ್ಟ್ರೈಗಾ ಹೆಚ್ಚುತ್ತದೆಯೇ?

ಪ್ರಶ್ನೆ: ಶಿಕಾರಿಪುರದ ಕಡೆ ನಮ್ಮದು ಖುಷ್ಕಿ ಹೊಲ. ಮೆಕ್ಕೆಜೋಳದ ಬುಡದಲ್ಲಿ ಬಿಳಿ ಹೂವಿನ ಸ್ಟ್ರೈಗಾ ಕಳೆ ಎದ್ದಿದೆ. ಯೂರಿಯಾ ಕೊಟ್ಟರೆ ಕಳೆಗೇ ಬಲ, ಬರೀ ಕೊಟ್ಟಿಗೆ ಗೊಬ್ಬರ ಹಾಕಿ ಅಂತಾರೆ. ಏನು ಮಾಡಲಿ?

ಉತ್ತರ: ಎರಡನ್ನೂ ಹಾಕಿ. ಪ್ರತಿ ಮುಂಗಾರಿನಲ್ಲೂ ಇದೇ ಉತ್ತರ ಬರೆಯುತ್ತಿದ್ದೇವೆ, ಪ್ರತಿ ಮುಂಗಾರಿನಲ್ಲೂ ಇದೇ ಪ್ರಶ್ನೆ ಬರುತ್ತಿದೆ. ಹಾಗಾಗಿ ಈ ಸಲ ಕಾರಣವನ್ನೂ ಬಿಡಿಸಿ ಹೇಳಿಬಿಡೋಣ.

ಉಳಿದ ಕಳೆಗಳಿಗೆ ಯೂರಿಯಾದಿಂದ ಬಲ ಬರುವುದು ನಿಜ. ಸ್ಟ್ರೈಗಾದ ಲೆಕ್ಕ ಬೇರೆ. ಅದು ಮೆಕ್ಕೆಜೋಳದ ಬೇರಿಗೇ ಅಂಟಿ ಹೀರುವ ಪರಾವಲಂಬಿ. ಧೂಳಿನಷ್ಟು ಸಣ್ಣ ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಬೇರಿನಿಂದ ಸ್ಟ್ರೈಗೋಲ್ಯಾಕ್ಟೋನ್ ಎಂಬ ರಸ ಒಸರಿದಾಗ ಮಾತ್ರ ಮೊಳೆಯುತ್ತದೆ. ಜೋಳ ಆ ರಸ ಬಿಡುವುದು ರಂಜಕ ಹುಡುಕಿಕೊಡುವ ಉಪಕಾರಿ ಶಿಲೀಂಧ್ರವನ್ನು ಕರೆಯಲು. ಕರೆಯದವನೂ ಬಂದು ಪಂಕ್ತಿಯಲ್ಲಿ ಕೂರುವ ಹಾಗೆ ಸ್ಟ್ರೈಗಾ ಬರುತ್ತದೆ. ಮಣ್ಣಿನಲ್ಲಿ ರಂಜಕ, ಸಾರಜನಕ ಕಡಿಮೆಯಾದಷ್ಟೂ ಬೇರು ಹೆಚ್ಚು ರಸ ಬಿಡುತ್ತದೆ. ಅಂದರೆ ಬಡ ಹೊಲದಲ್ಲೇ ಈ ಕಾಟ ಜಾಸ್ತಿ. ಯೂರಿಯಾ ಕೊಡುವುದು ಸಾರಜನಕವನ್ನೇ, ಹಾಗಾಗಿ ಅದರಿಂದ ಸ್ಟ್ರೈಗಾ ಹೆಚ್ಚುವುದಿಲ್ಲ.

ಮತ್ತೆ ಯೂರಿಯಾಕ್ಕೆ ಅಪವಾದ ಯಾಕೆ ಬಂತು? ಮೇಲುಗೊಬ್ಬರ ಕೊಡುವುದು 30-35ನೇ ದಿನ. ಸ್ಟ್ರೈಗಾ ನೆಲದಿಂದ ತಲೆ ಎತ್ತುವುದೂ ಹೆಚ್ಚುಕಡಿಮೆ ಆಗಲೇ. ಬೇರಿಗೆ ಅಂಟಿದ್ದು ವಾರಗಳ ಹಿಂದೆ, ತಪ್ಪು ಮಾತ್ರ ಯೂರಿಯಾದ ತಲೆಗೆ. ಮಣ್ಣಿನಲ್ಲಿ ಹಸಿ ಇದ್ದರೂ ಜೋಳದ ಗಿಡ ಬಾಡಿದಂತೆ ಕಂಡರೆ ಒಂದನ್ನು ಬೇರುಸಮೇತ ಅಗೆದು, ಮೆಲ್ಲಗೆ ತೊಳೆದು ನೋಡಿ: ಜೋಳದ ಬೇರಿಗೆ ಬಿಳಿ ಮೊಳಕೆಗಳು ಕಚ್ಚಿಕೊಂಡಿರುತ್ತವೆ.

ಕೊಟ್ಟಿಗೆ ಗೊಬ್ಬರ ಒಂದೇ ಯಾಕೆ ಸಾಲದು? 4 ಟನ್‌ನಲ್ಲಿ ಸಾರಜನಕ ಸುಮಾರು 20 ಕೆಜಿ, ಮೊದಲ ಬೆಳೆಗೆ ಸಿಗುವುದು ಅದರಲ್ಲಿ ಒಂದು ಪಾಲು ಅಷ್ಟೇ. ದರಕು (ಒಣ ಎಲೆ) ಹೆಚ್ಚಿರುವ ಅರೆಕೊಳೆತ ಗೊಬ್ಬರವಾದರೆ ಇದ್ದ ಸಾರಜನಕವನ್ನೂ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಯೂರಿಯಾ ಸುರಿದರೆ ನಮ್ಮ ಮಳೆಗೆ ಬಸಿದು ಹೋಗುತ್ತದೆ.

ಎಕರೆಗೆ ಚೆನ್ನಾಗಿ ಕಳಿತ ಗೊಬ್ಬರ 3-4 ಟನ್, ಬಿತ್ತನೆಗೆ 15 ದಿನ ಮೊದಲು ಮಣ್ಣಿಗೆ ಸೇರಿಸಿ. ಬಿತ್ತುವಾಗ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) 43, ಪೊಟ್ಯಾಷ್ 17, ಯೂರಿಯಾ 26 ಕೆಜಿ. ಉಳಿದ ಯೂರಿಯಾ ಒಂದು ಚೀಲ (45 ಕೆಜಿ), ಎಡೆ ಹೊಡೆದು ಮಣ್ಣು ಏರಿಸುವಾಗ, ಹಸಿ ನೋಡಿಕೊಂಡು. ಸತುವಿನ ಸಲ್ಫೇಟ್ 4 ಕೆಜಿ ಬೇಕು, ಆದರೆ ಡಿಎಪಿ ಜೊತೆ ಕಲಸಬೇಡಿ; ರಂಜಕದೊಂದಿಗೆ ಕಟ್ಟಿಕೊಂಡು ಎರಡೂ ದಂಡ.

ಇದರಿಂದ ಕಳೆ ನಿರ್ನಾಮವಾಗುವುದಿಲ್ಲ, ಬೆಳೆ ತಡೆದುಕೊಳ್ಳುತ್ತದೆ. ಎದ್ದ ಸ್ಟ್ರೈಗಾವನ್ನು ಹೂ ಬಿಡುವ ಮೊದಲೇ ಕಿತ್ತು ಸುಡಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ತಿಪ್ಪೆಗೆ ಎಸೆದರೆ ಮುಂದಿನ ವರ್ಷ ಗೊಬ್ಬರದ ಜೊತೆ ನೀವೇ ಹೊಲಕ್ಕೆ ಹರಡುತ್ತೀರಿ.

ಜೋಳದ ಹೊಲಗಳೆಲ್ಲ ಅಡಿಕೆ ತೋಟವಾಗುತ್ತಿರುವ ಕಾಲ, ಆದ್ದರಿಂದ ಇನ್ನೊಂದು ಮಾತು. ಈ ಸ್ಟ್ರೈಗಾ ಹಿಡಿಯುವುದು ಹುಲ್ಲಿನ ಜಾತಿಯ ಬೇರನ್ನು: ಜೋಳ, ರಾಗಿ, ಕಬ್ಬು. ಅಡಿಕೆಗೆ ಭಯವಿಲ್ಲ. ಆದರೆ ಎಳೆಯ ಅಡಿಕೆಯ ಸಾಲಿನ ನಡುವೆ ಮತ್ತೆ ಜೋಳವನ್ನೇ ಬಿತ್ತಿದರೆ ಮಣ್ಣಿನಲ್ಲಿ ಸ್ಟ್ರೈಗಾ ಬೀಜದ ದಾಸ್ತಾನು ಬೆಳೆಯುತ್ತಲೇ ಇರುತ್ತದೆ. ಅದರ ಬದಲು ಅಲಸಂದೆ ಹಾಕಿ. ಅದರ ಬೇರಿನ ರಸಕ್ಕೂ ಸ್ಟ್ರೈಗಾ ಮೊಳೆಯುತ್ತದೆ, ಅಂಟಲು ಆಗದೆ ಸಾಯುತ್ತದೆ.