‘ಅಸಲು ಹಂಗೇ ಐತಿ’ ಅನ್ನೋರಿಗೆ

ತಿಂಗಳ 13ನೇ ತಾರೀಖು ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಹಿಂದಿನ ದಿನ ಸಂಜೆ ಸರ್ಕಾರ ಗ್ರಾಹಕ ಬೆಲೆ ಸೂಚ್ಯಂಕದ, ಅಂದ್ರೆ ಮನೆಖರ್ಚಿನ ಬೆಲೆಗಳು ಎಷ್ಟು ಏರಿದವು ಅಂತ ಅಳೆಯುವ ಲೆಕ್ಕದ, ಅಂಕಿ ಬಿಟ್ಟಿರುತ್ತದೆ. ಬೆಳಿಗ್ಗೆ ಪೇಪರ್‌ನಲ್ಲಿ ಹಣದುಬ್ಬರ ಅಂತ ದೊಡ್ಡಕ್ಷರದಲ್ಲಿ ಬಂದಿರುತ್ತದೆ. ಚಹಾ ಮುಗಿಸುವಷ್ಟರಲ್ಲಿ ಮೊದಲ ಕಾಲ್. ‘ಸಾಹೇಬ್ರ, ಇನ್ನ ರೊಕ್ಕಕ್ಕ ಕಿಮ್ಮತ್ತೇ ಇಲ್ಲಂತಲ್ರಿ. ಎಫ್‌ಡಿ ಎಲ್ಲಾ ಮುರದು ಪ್ಲಾಟ್ ತಗೊಂಡ್ಬಿಡ್ಲ್ಯಾ?’

ವಿಜಯಪುರದಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ಜನರ ತೆರಿಗೆ ಲೆಕ್ಕ ಬರೆಯುತ್ತಿದ್ದೇನೆ. ಜೊತೆಗೆ ಮ್ಯೂಚುವಲ್ ಫಂಡ್ ವಿತರಕ. ಅಂದ್ರೆ ಕಮಿಷನ್ ತಗೊಳ್ಳುವವನು, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾತ್ರಿ ಹೊತ್ತು ಮಾತ್ರ ನನ್ನದು ಕಮಿಷನ್ ಇಲ್ಲದ ಕೆಲಸ. ಒಂದು ಆರು ಇಂಚಿನ ದುರ್ಬೀನು ಇದೆ, ಡಾಬ್ಸೋನಿಯನ್ ಅಂತಾರೆ. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರ ದೀಪ ಕಾಣದ ಕಡೆ ಹೋಗುತ್ತೇನೆ. ಮನೆಯವರಿಗೆ ಇದು ಹುಚ್ಚು. ಅದೂ ನಿಜವೇ ಇರಬಹುದು.

ಹೋಗಲಿ, ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕಿರುವುದು ಒಬ್ಬ ಮಾಸ್ತರರ ಬಗ್ಗೆ. 2012ರಲ್ಲಿ ನಿವೃತ್ತರಾದರು. ಬಂದ ರೊಕ್ಕದಲ್ಲಿ 10 ಲಕ್ಷ ಠೇವಣಿ ಇಟ್ಟರು. ಪೆನ್ಶನ್ ಬರುತ್ತದೆ, ಮನೆ ಸ್ವಂತದ್ದು. ವರ್ಷ ವರ್ಷ ಬಡ್ಡಿ ತೆಗೆದು ಖರ್ಚು ಮಾಡಿದರು. ಮೊಮ್ಮಗಳ ಜವಳ, ಮಂತ್ರಾಲಯದ ಪ್ರವಾಸ, ಮನೆಗೆ ಬಣ್ಣ, ಎಲ್ಲ ಅದರಲ್ಲೇ. ಪ್ರತಿ ಸಲ ಆಫೀಸಿಗೆ ಬಂದಾಗ ಪಾಸ್‌ಬುಕ್ ಮೇಲೆ ಕೈ ಇಟ್ಟು ಒಂದು ಮಾತು ಹೇಳಲೇಬೇಕು: ‘ಅಸಲು ಹಂಗೇ ಐತ್ರಿ. ನಾ ಮುಟ್ಟೇ ಇಲ್ಲ.’

ನಾನು ತಲೆ ಚಚ್ಚಿಕೊಳ್ಳುವುದು ಬಾಕಿ.

ನೋಡಿ, 2012ರ ಬೆಲೆಗಳನ್ನು 100 ಅಂತ ಹಿಡಿದು ಸರ್ಕಾರ ಒಂದು ಗ್ರಾಹಕ ಬೆಲೆ ಸೂಚ್ಯಂಕ ಶುರು ಮಾಡಿತು. 2024ರ ಕೊನೆಗೆ ಅದು 195 ದಾಟಿತ್ತು. ಅಂದ್ರೆ 2012ರಲ್ಲಿ ನೂರು ರೂಪಾಯಿಗೆ ಬಂದ ಸಂತೆಗೆ 2024ರ ಕೊನೆಗೆ ನೂರಾ ತೊಂಬತ್ತೈದು ಬೇಕಾಯಿತು. ಮಾಸ್ತರರ 10 ಲಕ್ಷ 2012ರ 10 ಲಕ್ಷವಾಗಿಯೇ ಉಳಿಯಬೇಕಿದ್ದರೆ ಪಾಸ್‌ಬುಕ್‌ನಲ್ಲಿ 19.5 ಲಕ್ಷ ಇರಬೇಕಿತ್ತು. ಯಾರೂ ಕದ್ದಿಲ್ಲ, ಬ್ಯಾಂಕು ಮುಳುಗಿಲ್ಲ, ಮಾಸ್ತರರು ಮುಟ್ಟಿಲ್ಲ. ಆದರೂ ಅಸಲು ಅರ್ಧ ಆಗಿದೆ.

ಇದನ್ನು ಅವರಿಗೆ ಪೆನ್ನು ಹಿಡಿದು ಕನಿಷ್ಠ ನಾಲ್ಕು ಸಲ ಹೇಳಿದ್ದೇನೆ. ಪ್ರತಿ ಸಲ ಹೌದು ಹೌದು ಅಂತ ತಲೆ ಆಡಿಸಿ, ಎದ್ದು ಹೋಗುವಾಗ ‘ಆದ್ರೂ ಅಸಲು ಹಂಗೇ ಐತಲ್ರಿ’ ಅಂದಿದ್ದಾರೆ. ಗಣಿತ ಕಲಿಸಿದ ಮಾಸ್ತರರು ಇವರು!

ಅವರಿಗೆ ಅದು ತಲೆಗೆ ಹೋದದ್ದು ಹೊಲದಲ್ಲಿ. 2024ರ ಎಳ್ಳ ಅಮಾವಾಸ್ಯೆ, ಡಿಸೆಂಬರ್ 30, ಸೋಮವಾರ. ತಿಕೋಟಾ ಕಡೆ ಗೆಳೆಯರೊಬ್ಬರ ಹೊಲಕ್ಕೆ ಊಟಕ್ಕೆ ಕರೆದಿದ್ದರು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚರಗ ಚೆಲ್ಲಿ, ಅಂದ್ರೆ ಹೊಲಕ್ಕೆ ನೈವೇದ್ಯ ಎರಚಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗಿ ಹೊಡೆದು ಮಧ್ಯಾಹ್ನ ಜೋಳದ ಬೆಳೆಯ ಪಕ್ಕ ಉರುಳಿಕೊಳ್ಳುವ ಹಬ್ಬ. ಬೇರೆಯವರು ಸಂಜೆಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ನನಗೆ ಹಬ್ಬ ಶುರುವಾಗುವುದೇ ಆಮೇಲೆ. ಅಮಾವಾಸ್ಯೆ, ಚಳಿ, ಮೋಡ ಇಲ್ಲ, ಇದಕ್ಕಿಂತ ಒಳ್ಳೆಯ ರಾತ್ರಿ ಎಲ್ಲಿ ಸಿಗಬೇಕು? ಮಾಸ್ತರರು ಮತ್ತು ಅವರ ಮನೆಯವರು ಅದೇ ಹೊಲಕ್ಕೆ ಬಂದಿದ್ದರು. ‘ನಾವೂ ನೋಡಿ ಹೋಗ್ತೀವಿ’ ಅಂತ ಉಳಿದರು.

ಎರೆಮಣ್ಣಿನಲ್ಲಿ ದುರ್ಬೀನು ನಿಲ್ಲಿಸುವುದೇ ಒಂದು ಕಸರತ್ತು. ಬಿರುಕಿಗೆ ಕಾಲು ಸಿಕ್ಕಿತು ಅಂದ್ರೆ ಇಡೀ ಡಬ್ಬಿ ವಾಲುತ್ತದೆ. ಒಂದು ಹಲಗೆ ಹಾಕಿ, ಅದರ ಮೇಲೆ ತಾಡಪತ್ರಿ ಮಡಚಿ ಇಟ್ಟು ನಿಲ್ಲಿಸಿದೆ. ಆಮೇಲೆ ಎಲ್ಲರಿಗೂ ಮೊಬೈಲ್ ಒಳಗಿಡಲು ಹೇಳಿದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದೇ ಒಂದು ವಾಟ್ಸಾಪ್ ಮೆಸೇಜ್ ನೋಡಿದರೆ ಅಷ್ಟೂ ನೀರುಪಾಲು. ಇದೊಂದು ನಿಯಮ ಪಾಲಿಸುವವರು ಸಿಕ್ಕರೆ ನಾನು ಅವರಿಗೆ ಕೈ ಮುಗಿಯುತ್ತೇನೆ.

ಮೊದಲು ಪಡುವಣದಲ್ಲಿ ಶನಿ, ಬೇಗ ಮುಳುಗುತ್ತಾನಲ್ಲ ಅಂತ. ಬಾಯಾರು, ಅಂದ್ರೆ ಮಾಸ್ತರರ ಹೆಂಡತಿ, ಹಿಂದೆ ಸರಿದರು. ‘ಶನಿ ಮಾರಿ ಯಾಕ ನೋಡೂದ್ರಿ, ಹಬ್ಬದ ದಿನ?’ ಮಾಸ್ತರರು ನೋಡಿ ‘ಅಯ್ಯೋ’ ಅಂದ ಮೇಲೆ ತಡೆಯಲಾಗಲಿಲ್ಲ. ಆ ದಿನಗಳಲ್ಲಿ ಶನಿಯ ಬಳೆ ನಮ್ಮ ಕಡೆ ಹೆಚ್ಚುಕಡಿಮೆ ಅಡ್ಡಕ್ಕೆ ತಿರುಗಿತ್ತು, 2025ರ ಮಾರ್ಚ್‌ನಲ್ಲಿ ಪೂರ್ತಿ ಅಡ್ಡವಾಯಿತು. ಹಾಗಾಗಿ ಚಿತ್ರದಲ್ಲಿ ಕಾಣುವ ಅಗಲ ಬಳೆ ಅಲ್ಲ, ಒಂದು ಮಣಿಗೆ ಸೂಜಿ ಚುಚ್ಚಿದ ಹಾಗೆ ಇತ್ತು. ಬಾಯಾರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ‘ಇಷ್ಟು ಸಣ್ಣಾಂವ ಅದಾನ, ಪಾಪ. ಇಂವಗ ಅಂಜಿ ಎಷ್ಟು ಎಣ್ಣಿ ಹಾಕೀವಿ’ ಅಂದರು.

ಆಮೇಲೆ ಗುರು. ಮೂಡಣದಲ್ಲಿ ರೋಹಿಣಿಯ ಪಕ್ಕ ಧಗಧಗ ಹೊಳೆಯುತ್ತಿದ್ದ. ಎಲ್ಲರೂ ಕೇಳುವ ಪ್ರಶ್ನೆಯನ್ನೇ ಮಾಸ್ತರರೂ ಕೇಳಿದರು, ಇದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅಂತ. ನನ್ನ ದುರ್ಬೀನಿನ ನಾಭಿದೂರ 1200 ಮಿಲಿಮೀಟರ್. ಅದನ್ನು ಕಣ್ಣುಗಾಜಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ: 25 ಮಿಲಿಮೀಟರಿನದ್ದು ಹಾಕಿದರೆ 48 ಪಟ್ಟು, 10ರದ್ದು ಹಾಕಿದರೆ 120 ಪಟ್ಟು. ಡಬ್ಬಿಯ ಮೇಲೆ 500 ಪಟ್ಟು ಅಂತ ಬರೆದು ಮಾರುವ ಆಟಿಕೆಗಳಿವೆ, ಅವುಗಳಲ್ಲಿ ಎಲ್ಲವೂ ದೊಡ್ಡದಾಗಿ ಮಬ್ಬಾಗಿ ಕಾಣುತ್ತದೆ. ಎಷ್ಟು ಪಟ್ಟು ಅಂತ ಕೇಳಬೇಡಿ, ಗಾಜಿನ ಅಗಲ ಎಷ್ಟು ಅಂತ ಕೇಳಿ. ಆಫೀಸಿನಲ್ಲೂ ಇದೇ ಗೋಳು. ‘ಎಷ್ಟು ಪರ್ಸೆಂಟ್ ಬರ್ತೈತಿ’ ಅನ್ನುವುದು ಬಿಟ್ಟು ಬೇರೆ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ.

120 ಪಟ್ಟಿನದ್ದು ಹಾಕಿ, ಗುರುವನ್ನು ನಡುವೆ ತಂದು, ಮಾಸ್ತರರನ್ನು ನಿಲ್ಲಿಸಿದೆ. ಮೈ ಮೇಲಿನ ಎರಡು ಕಂದು ಪಟ್ಟಿ ಕಂಡವು, ಪಕ್ಕದಲ್ಲಿ ಸಾಲಾಗಿ ಉಪಗ್ರಹಗಳು. 1610ರಲ್ಲಿ ಗೆಲಿಲಿಯೋ ನೋಡಿದ್ದು ಇವನ್ನೇ ಅಂದೆ. ಖುಷಿಯಾಗಿ ಹಿಂದೆ ಸರಿದು ಹೆಂಡತಿಯನ್ನು ಕೂಗಿದರು. ಅವರು ಹೋಳಿಗೆ ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು ಬಂದು ನೋಡುವಷ್ಟರಲ್ಲಿ ಎರಡು ನಿಮಿಷ ಆಗಿತ್ತು.

‘ಏನೂ ಇಲ್ಲಲ್ರಿ ಇದರಾಗ. ಬರೇ ಕತ್ತಲಿ.’

ಮಾಸ್ತರರು ಗಾಬರಿಯಾದರು. ‘ನಾ ಮುಟ್ಟೇ ಇಲ್ಲ್ರಿ! ಹೆಂಗ ಇತ್ತೋ ಹಂಗ ಬಿಟ್ಟೀನಿ!’

ಅದೇ ದನಿ. ಪಾಸ್‌ಬುಕ್ ಮೇಲೆ ಕೈ ಇಟ್ಟಾಗಿನ ದನಿ. ನಾನು ನಕ್ಕದ್ದಕ್ಕೆ ಅವರಿಗೆ ಸ್ವಲ್ಪ ಸಿಟ್ಟೂ ಬಂತು. ‘ಮಾಸ್ತರ, ನೀವು ಮುಟ್ಟಿಲ್ಲ ಖರೆ. ಆದ್ರ ನಾವು ನಿಂತ ನೆಲಾನ ತಿರಗಾಕತ್ತೈತಲ್ರಿ’ ಅಂದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆ ಕಣ್ಣುಗಾಜಿನಲ್ಲಿ ಕಾಣುವುದು ಅರ್ಧ ಡಿಗ್ರಿಗೂ ಕಡಿಮೆ ಜಾಗ. ಒಂದೂವರೆ ನಿಮಿಷಕ್ಕೆ ಗುರು ಈ ಅಂಚಿನಿಂದ ಆ ಅಂಚಿಗೆ ಹೋಗಿ ಹೊರಬೀಳುತ್ತಾನೆ. ಅವನನ್ನು ನಡುವೆ ಇಟ್ಟುಕೊಳ್ಳಬೇಕಾದರೆ ಕೊಳವೆಯನ್ನು ಆಗಾಗ ಬೆರಳಿನಿಂದ ಚೂರು ಚೂರು ಸರಿಸುತ್ತಲೇ ಇರಬೇಕು.

ಮಾಸ್ತರರು ಏನು ಮಾಡಿದರು ಗೊತ್ತಾ? ಎರಡೂ ಕೈಯಿಂದ ಕೊಳವೆ ಹಿಡಿದು ಜೋರಾಗಿ ತಳ್ಳಿದರು. ಗುರು ಎಲ್ಲಿ ಹೋದನೋ ಆ ಶಿವನೇ ಬಲ್ಲ. ಮತ್ತೆ ಹುಡುಕಿ ತರಲು ನನಗೆ ಐದು ನಿಮಿಷ ಹಿಡಿಯಿತು.

ಜೋರಾಗಿ ತಳ್ಳಿದವರ ಕಥೆಯೂ ನನ್ನ ಹತ್ತಿರ ಇದೆ. 2022ರ ಏಪ್ರಿಲ್‌ನ ಹಣದುಬ್ಬರ 7.79 ಪರ್ಸೆಂಟ್, ಅಂದ್ರೆ ಒಂದು ವರ್ಷದಲ್ಲಿ ಬೆಲೆ ಅಷ್ಟು ಏರಿದೆ, ಅಂತ ಸುದ್ದಿ ಬಂದಾಗ ದ್ರಾಕ್ಷಿ ಬೆಳೆಗಾರರೊಬ್ಬರು ಕುಟುಂಬದ ಠೇವಣಿ ಪೂರ್ತಿ ಮುರಿದರು. ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿಯಲ್ಲಿ ಕಡಿತ ಆಯಿತು. ಊರ ಹೊರಗೆ ಒಂದು ಪ್ಲಾಟ್ ಕೊಂಡರು. ಏಜೆಂಟ್ ಹೇಳಿದ ರಸ್ತೆ ಇನ್ನೂ ನಕ್ಷೆಯಲ್ಲೇ ಇದೆ. ಮರುವರ್ಷ ತಾಯಿಗೆ ಮೊಣಕಾಲು ಆಪರೇಷನ್ ಅಂದಾಗ ಕೈಯಲ್ಲಿ ರೊಕ್ಕ ಇಲ್ಲ, ಪ್ಲಾಟ್ ಕೇಳುವವರಿಲ್ಲ. ಒಣದ್ರಾಕ್ಷಿಯನ್ನು ಸಿಕ್ಕ ದರಕ್ಕೆ ಕೊಟ್ಟರು. ಪ್ಲಾಟ್ ಕೆಟ್ಟದ್ದು ಅನ್ನುತ್ತಿಲ್ಲ, ಎಷ್ಟೋ ಜನ ಅದರಲ್ಲಿ ಉದ್ಧಾರ ಆಗಿದ್ದಾರೆ. ಆಪತ್ತಿಗೆ ಇಟ್ಟ ರೊಕ್ಕವನ್ನು ಪೇಪರ್ ಓದಿ ಎಬ್ಬಿಸಬೇಡಿ ಅನ್ನುತ್ತಿದ್ದೇನೆ, ಅಷ್ಟೇ.

ಇದೇ ಬೆಳೆಗಾರರು 2025ರ ನವೆಂಬರ್‌ನಲ್ಲಿ ಫೋನ್ ಮಾಡಿದರು. ಅಕ್ಟೋಬರ್‌ನ ಹಣದುಬ್ಬರ 0.25 ಪರ್ಸೆಂಟ್‌ಗೆ ಇಳಿದಿತ್ತು, 2012ರ ಆ ಸೂಚ್ಯಂಕದ ಲೆಕ್ಕದಲ್ಲೇ ಎಲ್ಲಕ್ಕಿಂತ ಕಡಿಮೆ. ‘ಅಂದ್ರ ಎಲ್ಲಾ ಸೋವಿ ಆತಲ್ರಿ, ಇನ್ನ ಚಿಂತಿಲ್ಲ.’ ಇಲ್ಲ ಮಾರಾಯರೇ. ಇಳಿದದ್ದು ಏರುವ ವೇಗ. ಬೆಲೆ ಇಳಿದಿಲ್ಲ. ಸೂಚ್ಯಂಕ ಆಗಲೂ 197ರ ಆಸುಪಾಸಿನಲ್ಲೇ ಇತ್ತು, 100ಕ್ಕೆ ವಾಪಸ್ ಬರಲಿಲ್ಲ. ಗೋಳಗುಮ್ಮಟದ ಮೆಟ್ಟಿಲು ಹತ್ತುವವನು ಏದುಸಿರು ಬಿಡುತ್ತಾ ನಿಂತುಕೊಂಡ ಅಂದ್ರೆ ಕೆಳಗಿಳಿದ ಅಂತ ಅರ್ಥವಾ? ನಿಂತಿದ್ದಾನೆ, ಅಷ್ಟು ಎತ್ತರದಲ್ಲೇ ನಿಂತಿದ್ದಾನೆ. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿಯೇ ವರ್ಷಕ್ಕೆ 4 ಪರ್ಸೆಂಟ್, 2ರಿಂದ 6ರ ಒಳಗೆ ಇದ್ದರೆ ಸರಿ. ಬೆಲೆ ಏರಬಾರದು ಅನ್ನುವ ಗುರಿ ಅವರಿಗೂ ಇಲ್ಲ.

ಹಾಗಾದ್ರೆ ಬೆರಳಿನಿಂದ ಚೂರು ಸರಿಸುವುದು ಅಂದ್ರೆ ಏನು? ಮಾಸ್ತರರಿಗೆ ಹೊಲದಲ್ಲೇ ಹೇಳಿದೆ, ಪಕ್ಕದಲ್ಲಿ ಹೊಲದ ಯಜಮಾನರು ಕೂತಿದ್ದಕ್ಕೆ ಸುಲಭವಾಯಿತು. ಲೆಕ್ಕಕ್ಕೆ 10 ಲಕ್ಷಕ್ಕೆ 7 ಪರ್ಸೆಂಟ್ ಬಡ್ಡಿ ಹಿಡಿಯಿರಿ, 70 ಸಾವಿರ. ಆ ವರ್ಷ ಬೆಲೆ 5 ಪರ್ಸೆಂಟ್ ಏರಿತು ಅನ್ನಿ. ಅಸಲು ಹಾಗೇ ಉಳಿಯಬೇಕು ಅಂದ್ರೆ ಅದು 10 ಲಕ್ಷ 50 ಸಾವಿರ ಆಗಬೇಕು. ಅಂದಮೇಲೆ 70ರಲ್ಲಿ 50 ಸಾವಿರ ಬಡ್ಡಿಯೇ ಅಲ್ಲ. ಅದು ಸವೆದ ಅಸಲಿಗೆ ಹಾಕುವ ತೇಪೆ. ನಿಜವಾದ ಬಡ್ಡಿ 20 ಸಾವಿರ. ತೆರಿಗೆ ಕಟ್ಟುವವರಾದರೆ ಪೂರ್ತಿ 70ರ ಮೇಲೂ ಕಟ್ಟಬೇಕು, ಸರ್ಕಾರ ತೇಪೆ ಯಾವುದು ಬಡ್ಡಿ ಯಾವುದು ಅಂತ ನೋಡುವುದಿಲ್ಲ, ಆಗ 20 ಸಾವಿರದಲ್ಲೂ ಚೂರುಪಾರು ಉಳಿದೀತು. ಮಾಸ್ತರರು ಹನ್ನೆರಡು ವರ್ಷ ಎಪ್ಪತ್ತನ್ನೂ ಊಟ ಮಾಡಿದ್ದಾರೆ.

ಹೊಲದ ಯಜಮಾನರಿಗೆ ಥಟ್ಟನೆ ತಿಳಿಯಿತು. ‘ಅಲ್ರಿ ಮಾಸ್ತರ, ಬೀಜಕ್ಕ ಇಟ್ಟ ಜ್ವಾಳ ಬೀಸಿ ರೊಟ್ಟಿ ಬಡದೀರಲ್ಲ!’

ನಾನು ನಾಲ್ಕು ಸಲ ಹೇಳಿದ್ದು ದಂಡ.

ಮಾಸ್ತರರಿಗೆ ಪೆನ್ಶನ್ ಇದೆ, ಅದಕ್ಕೇ ಇಷ್ಟು ಕಟುವಾಗಿ ಹೇಳಿದೆ. ಬಡ್ಡಿಯಲ್ಲೇ ಒಲೆ ಹೊತ್ತಬೇಕಾದ ಮನೆಗಳೂ ನನ್ನ ಹತ್ತಿರ ಬರುತ್ತವೆ. ಅಂಥ ಅಜ್ಜಿಗೆ ಬಡ್ಡಿ ತಿನ್ನಬೇಡವ್ವ ಅಂತ ಹೇಳುವಷ್ಟು ಕಲ್ಲು ಹೃದಯ ನನಗಿಲ್ಲ. ಅವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ಮೊದಲು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ 8.2ಕ್ಕೆ ಏರಿತು, ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು. ನೀವು ಹೋದ ದಿನ ದರ ಎಷ್ಟಿದೆ ಅಂತ ಅಲ್ಲೇ ಕೇಳಿಕೊಳ್ಳಿ.

ಇನ್ನು ಬಂಗಾರ. ಇದರ ಬಗ್ಗೆ ಬಾಯಿ ಬಿಡಲು ನನಗೆ ಈಗ ಹೆದರಿಕೆ. 2025ರಲ್ಲಿ ಹತ್ತು ಗ್ರಾಂ ಒಂದು ಲಕ್ಷ ದಾಟಿದ ಮೇಲೆ, ಹಿಂದೆ ನನ್ನ ಮಾತು ಕೇಳದೆ ತೊಲಗಟ್ಟಲೆ ಕೊಂಡ ಅಕ್ಕಂದಿರು ನನ್ನನ್ನು ನೋಡಿ ಕೈಬಳೆ ಕುಣಿಸುತ್ತಾರೆ. ಕುಣಿಸಲಿ, ಸಂತೋಷವೇ. ಆದರೆ 2012ರಲ್ಲಿ ಸುಮಾರು 31 ಸಾವಿರ ಇದ್ದದ್ದು 2015ಕ್ಕೆ 26 ಸಾವಿರದ ಹತ್ತಿರ ಇಳಿದು, ಮತ್ತೆ 31 ಸಾವಿರಕ್ಕೆ ಬಂದದ್ದು 2018ಕ್ಕೆ. ಆ ಆರು ವರ್ಷದಲ್ಲಿ ಬೆಲೆ ಸೂಚ್ಯಂಕ 140ರ ಹತ್ತಿರ ಹೋಗಿತ್ತು. ಹೊರದೇಶದ ಪೇಟೆಯಲ್ಲಿ ಇನ್ನೂ ದೊಡ್ಡ ಕಥೆ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಬಂಗಾರ ಮತ್ತೆ ಆ ಮಟ್ಟ ದಾಟಿದ್ದು 2008ರ ಜನವರಿಯಲ್ಲಿ. 28 ವರ್ಷ! ಶನಿ ಸೂರ್ಯನ ಸುತ್ತ ಒಂದು ಸುತ್ತು ಹೊಡೆಯಲು ತಗೊಳ್ಳುವುದೇ ಇಪ್ಪತ್ತೊಂಬತ್ತೂವರೆ ವರ್ಷ. ಷೇರು ಫಂಡೂ ಹಾಗೇ, ವರ್ಷಗಟ್ಟಲೆ ಮಲಗುತ್ತದೆ, ಅರ್ಧಕ್ಕೆ ಅರ್ಧ ಬೀಳುತ್ತದೆ, 2008ರಲ್ಲಿ ನೋಡಿದ್ದೇವೆ. ಐದಾರು ವರ್ಷದೊಳಗೆ ಬೇಕಾಗುವ ರೊಕ್ಕವನ್ನು ನಾನು ಅದಕ್ಕೆ ಹಾಕಿಸುವುದಿಲ್ಲ. ನಿಮ್ಮ ಮನೆ ಪರಿಸ್ಥಿತಿ ನನಗೆ ಗೊತ್ತಿಲ್ಲ, ಹಾಗಾಗಿ ಇದನ್ನು ಓದಿ ಯಾವುದನ್ನೂ ಮುರಿಯಬೇಡಿ, ಯಾವುದನ್ನೂ ಕೊಳ್ಳಬೇಡಿ. ನಿಮ್ಮ ಲೆಕ್ಕ ನೋಡುವವರ ಹತ್ತಿರ ಕೂತು ಮಾತಾಡಿ.

ಒಂದು ಮಾತು ಮರೆತಿದ್ದೆ. ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಅಂತ ಇಲ್ಲಿ ಬಹಳ ಜನ ನಂಬುತ್ತಾರೆ, ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ, ಆ ಜಗಳ ನನಗೆ ಬೇಡ. ಗ್ರಹಗಳ ಲೆಕ್ಕ ಮಾಡಿದ ಆ ಮನುಷ್ಯ ‘ಲೀಲಾವತಿ’ಯಲ್ಲಿ ಬಡ್ಡಿ ಲೆಕ್ಕವನ್ನೂ ಕೊಟ್ಟಿದ್ದಾನೆ. ತಿಂಗಳಿಗೆ ನೂರಕ್ಕೆ ಐದರಂತೆ ವರ್ಷಕ್ಕೆ ಅಸಲು ಬಡ್ಡಿ ಸೇರಿ ಸಾವಿರ ಆದರೆ ಅಸಲೆಷ್ಟು ಅಂತ. ಮಾಸ್ತರರು ಕತ್ತಲಲ್ಲೇ ಬೆರಳು ಮಡಚಿ 625 ಅಂದರು. ಸರಿ ಉತ್ತರ.

ಹಬ್ಬ ಮುಗಿದು 2025ರ ಜನವರಿಯಲ್ಲಿ ಮಾಸ್ತರರು ಠೇವಣಿ ನವೀಕರಿಸಲು ಬಂದರು. ಪಾಸ್‌ಬುಕ್ ಮೇಜಿನ ಮೇಲಿಟ್ಟರು, ಕೈ ಮಾತ್ರ ಅದರ ಮೇಲಿಡಲಿಲ್ಲ. ಬಡ್ಡಿಯಲ್ಲಿ 40 ಸಾವಿರ ಅಸಲಿಗೇ ಸೇರಿಸಿ ಅಂದರು. 50 ಅಂದೆ. ‘ಮೊಮ್ಮಗಳಿಗೆ ಸೈಕಲ್ ಕೊಡಸಬೇಕ್ರಿ, ಈ ವರ್ಷ ಅಷ್ಟ ಇರಲಿ’ ಅಂದರು. ಆಯಿತು ಅಂದೆ. ಫಾರ್ಮ್ ತುಂಬುವಾಗ ಮಂಗಳ ಯಾವಾಗ ಚಲೋ ಕಾಣುತ್ತಾನೆ ಅಂತ ಕೇಳಿದರು. ಇದೇ ವಾರ, ರಾತ್ರಿಯಿಡೀ ಇರುತ್ತಾನೆ, ಸಂಜೆ ಹೊರಡೋಣ ಅಂದೆ. ಬಾಯಾರಿಗೂ ಫೋನ್ ಮಾಡಿ ಹೇಳಿದರು, ಸ್ವೆಟರ್ ತಗೊಂಡು ಬಾ, ಮೊಬೈಲ್ ಮನೆಯಲ್ಲೇ ಬಿಡು ಅಂತ.